ಅಕ್ಕ ಕೆಳಗಿಟ್ಟ ಕಾಯಿ

ಒಣಗಿದ ತೆಂಗಿನಕಾಯಿಯನ್ನು ಯಾರಾದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಆ ಲೊಟಲೊಟ ಸದ್ದಿಗೆ ನೊಣವಿನಕೆರೆ ಹತ್ತಿರದ ನಮ್ಮ ಹಳೇ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಡುಗೆಮನೆಯ ಹೊಗೆ ಸುತ್ತಾಡುವ ಅಟ್ಟ, ಅಲ್ಲಿ ವರ್ಷವಿಡೀ ಬಿದ್ದುಕೊಂಡು ಕೊಬ್ಬರಿಯಾಗುವ ಕಾಯಿ, ಮೂಗಿಗೆ ಅಂಟುವ ಎಣ್ಣೆವಾಸನೆ. ನಿಮ್ಮ ಮನೆಯಲ್ಲೂ ಅಂಥ ಅಟ್ಟವಿದ್ದಿದ್ದರೆ ಹೆಚ್ಚು ಹೇಳಬೇಕಿಲ್ಲ. ನಮ್ಮಲ್ಲಿ ಕೊಬ್ಬರಿ ಸುಲಿಯಲು ಬರುತ್ತಿದ್ದವನು ರಂಗಜ್ಜ. ಕಾಯಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ಬಿಟ್ಟಿದ್ದರೆ ಮಚ್ಚಿನಿಂದ ಹಗುರವಾಗಿ ನಾಲ್ಕು ಏಟು. ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಅಂಗೈಗೆ ಬರುತ್ತಿತ್ತು.

ನಮ್ಮ ಗಿರಿಜಕ್ಕ ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದಳು. ಪುಸ್ತಕ ಕಂಡರೆ ಬೆವರುವವಳು ರಂಗಜ್ಜನ ಪಕ್ಕ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಅಜ್ಜನ ಕಿವಿ ಅವಳಿಗೆ ಬಂತು. ನನಗೆ ವಯಸ್ಸಾಯಿತು, ಕಸುಬು ಪೂರ್ತಿ ಕಲಿಸುತ್ತೇನೆ, ನಾಳೆ ನನ್ನ ಸುಲಿಯುವವರ ತಂಡವನ್ನು ಈ ಹುಡುಗಿಯೇ ನಡೆಸಲಿ ಎಂದು ಅವನೇ ಅಪ್ಪನನ್ನು ಕೇಳಿದ. ತೋಟದವರ ಮಗಳು ಕೂಲಿಯವರ ಜೊತೆ ಮಚ್ಚು ಹಿಡಿಯುವುದೇ ಎಂದು ಅಪ್ಪ ಗೊಣಗಿದರು. ಹುಳಿಯಾರಿನಿಂದ ಒಂದು ಸಂಬಂಧವೂ ಬಂದಿತ್ತು. ಕೊನೆಗೆ, ನನ್ನೆದುರು ಹತ್ತು ಕಾಯಿ ಒಡೆಯಲಿ, ಹತ್ತೂ ಉಂಡೆಯಾಗಿ ಬಂದರೆ ಕಲಿಯಲಿ, ಇಲ್ಲದಿದ್ದರೆ ಗಂಡಿನವರಿಗೆ ಹ್ಞೂಂ ಅನ್ನುತ್ತೇನೆ ಎಂದರು.

ಆ ದಿನ ರಂಗಜ್ಜ ಮಾಯಸಂದ್ರದ ಕಡೆ ಕೆಲಸಕ್ಕೆ ಹೋಗಿದ್ದ. ವರ್ಷ ತುಂಬಿ ಒಣಗಿದ ಹಳೇ ಗುಡ್ಡೆಯಿಂದ ಕಾಯಿ ಇಳಿಸಲು ನನ್ನನ್ನು ಅಟ್ಟ ಹತ್ತಿಸಿದರು. ನನಗಾಗ ಎಂಟು ವರ್ಷ. ಹಳೇ ಗುಡ್ಡೆ ಮೂಲೆಯ ಕತ್ತಲಲ್ಲಿತ್ತು. ಅಲ್ಲೊಮ್ಮೆ ಚೇಳು ಕಂಡಿದ್ದೆ. ಹೆದರಿ, ಏಣಿಯ ಬಾಯಲ್ಲೇ ಇದ್ದ ಹೊಸ ಗುಡ್ಡೆಯಿಂದ ಹತ್ತು ಕಾಯಿ ಉರುಳಿಸಿಬಿಟ್ಟೆ. ಆಳು ಮಟ್ಟೆ ಸುಲಿದುಕೊಟ್ಟ. ಅಕ್ಕ ಮೊದಲ ಕಾಯಿ ಅಲ್ಲಾಡಿಸಿ ಕೆಳಗಿಟ್ಟಳು. ಎರಡನೆಯದನ್ನೂ ಇಟ್ಟಳು.

"ಇವು ಇನ್ನೂ ಬಿಟ್ಟಿಲ್ಲ ಅಪ್ಪ. ಹಳೇ ಗುಡ್ಡೇವಲ್ಲ ಇವು."

ಅಪ್ಪ ನನ್ನನ್ನು ಕೇಳಿದರು. ಹಳೇ ಗುಡ್ಡೆಯವೇ ಎಂದೆ.

"ನೆಪ ಹೇಳ್ಬ್ಯಾಡ. ಒಡಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಲಂಗದ ಅಂಚು ಹಿಂಡುತ್ತ ನಿಂತಿದ್ದೆ. ಅವಳು ಒಡೆದಳು. ಹತ್ತರಲ್ಲಿ ಏಳು ಚಿಪ್ಪಿಗೆ ಅಂಟಿಕೊಂಡೇ ಹೋಳಾದವು. ಎರಡು ದಿನ ಬಿಟ್ಟು ಬಂದ ರಂಗಜ್ಜ ಆ ಹೋಳು ಮೂಸಿ ನೋಡಿ, ಇವು ಬಲಿಯದ ಕೊಬ್ಬರಿ ಎಂದು ಅಪ್ಪನಿಗೆ ಹೇಳಿದ. ಅಷ್ಟರಲ್ಲಿ ಹುಳಿಯಾರಿಗೆ ಮಾತು ಹೋಗಿತ್ತು, ಕೊಟ್ಟ ಮಾತು ಹಿಂದೆಗೆಯುವುದು ಅಪ್ಪನಿಂದಾಗಲಿಲ್ಲ.

ರಂಗಜ್ಜನಿಗೆ ಬೇರೆ ಯಾರೂ ಸಿಗಲಿಲ್ಲ. ಅವನು ತೀರಿಹೋದ, ತಂಡವೂ ಚದುರಿತು. ಈಗ ನಮ್ಮ ಕಡೆ ಎಲ್ಲಿ ಕೂತರೂ ಒಂದೇ ಗೋಳು, ಸುಲಿಯುವವರಿಲ್ಲ, ಹಳ್ಳಿ ಮಕ್ಕಳಿಗೆ ಕಸುಬು ಬೇಡವಂತೆ. ಕೇಳಿದರೆ ಮೈಯುರಿಯುತ್ತದೆ. ಕಲಿಸುತ್ತೇನೆಂದು ಒಬ್ಬ ಬಾಗಿಲಿಗೆ ಬಂದಿದ್ದ, ಕಲಿಯುತ್ತೇನೆಂದು ಒಬ್ಬಳು ಮನೆಯೊಳಗೇ ಇದ್ದಳು. ಅದನ್ನು ಹಾಳು ಮಾಡಿದವಳು ನಾನು.

ಹೋದ ವರ್ಷ ಹಳೇ ಮನೆ ಕೆಡವಿದರು. ಅಟ್ಟದಲ್ಲಿ ಉಳಿದಿದ್ದ ಒಂದು ಕಾಯಿ ಹಿಡಿದು ಹುಳಿಯಾರಿಗೆ ಹೋದೆ. ಅಕ್ಕ ಮನೆಯ ಮುಂದೆ ಹೊಲಿಗೆ ಮಿಷನ್ನಿನ ಹತ್ತಿರ ಕೂತಿದ್ದಳು. ಕಾಯಿ ನೋಡಿದವಳೇ ಕಿವಿಗಿಟ್ಟು ಅಲ್ಲಾಡಿಸಿ, ಕಣ್ಣು ಮುಚ್ಚಿದಳು, ಥೇಟ್ ರಂಗಜ್ಜನ ಹಾಗೆ. ನನಗೆ ತಡೆಯಲಾಗಲಿಲ್ಲ. ಆವತ್ತು ಹೊಸ ಗುಡ್ಡೆಯ ಕಾಯಿ ಇಳಿಸಿದ್ದನ್ನು, ಸುಳ್ಳು ಹೇಳಿದ್ದನ್ನು ಎಲ್ಲ ಅಳುತ್ತಾ ಒಪ್ಪಿಕೊಂಡೆ.

"ಗೊತ್ತಿತ್ತು ಕಣೇ," ಎಂದಳು ಅಕ್ಕ. "ನೀನೇ ಹೇಳ್ತೀಯ ಅಂತ ತಾಳಿ ಕಟ್ಟೋ ಗಂಟ ಕಾದೆ."

ಕಾಯಿಯನ್ನು ನನ್ನ ಮಡಿಲಲ್ಲಿಟ್ಟು, ಕಾಫಿ ಇಡಲು ಒಳಗೆ ಹೋದಳು.