ಆಲೆ ಮರದ ಐವತ್ತು ಉಂಡೆ

ರಾಮನಗರದ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಲೋಹಶಾಸ್ತ್ರ ಹೇಳಿಕೊಡುತ್ತೇನೆ. ತಾಮ್ರದೊಳಗೆ ಪರಮಾಣುಗಳು ಹೇಗೆ ಒತ್ತೊತ್ತಾಗಿ ಕೂತಿರುತ್ತವೆ ಎಂದು ಬೋರ್ಡಿನ ಮೇಲೆ ಎಷ್ಟು ವೃತ್ತ ಬರೆದರೂ ಹುಡುಗರ ತಲೆಗೆ ಹೋಗುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಅಪ್ಪನೇ ಇರುವಾಗ ಪ್ಲಾಸ್ಟಿಕ್ ಚೆಂಡು ಯಾಕೆ ಎಂದು ಊರಿಗೆ ಹೋದೆ. ಒಂದೇ ಅಳತೆಯ ಐವತ್ತು ಉಂಡೆ ಬೇಕು, ಕಾಲೇಜಿಗೆ ತಪಾಸಣೆಯವರು ಬರುತ್ತಾರೆ, ಹತ್ತು ದಿನ ಅಷ್ಟೇ ಎಂದೆ.

ಅಪ್ಪ ಮರ ಪೇರಿಸಿಡುವ ಮೂಲೆಯ ಕಡೆ ನೋಡಿದ. "ಒಸಿ ತಡ್ಕಳಕ್ಕಾಗಲ್ವೇನವ್ವ?"

ಆಗಲ್ಲ ಎಂದೆ. ಯಾಕೆ ತಡೆಯಬೇಕು ಎಂದು ಕೇಳಲಿಲ್ಲ.

ಹತ್ತನೇ ದಿನಕ್ಕೆ ಕೆಂಪು ಅರಗು ಹಚ್ಚಿದ ಉಂಡೆಗಳು ಬಂದವು. ತಪಾಸಣೆ ಮಾತ್ರ ಒಂದು ತಿಂಗಳು ಮುಂದಕ್ಕೆ ಹೋಯಿತು. ತಪಾಸಣೆಯ ದಿನ ಎಲ್ಲರೆದುರು ಜೋಡಿಸಲು ಕೂತೆ. ನಡುವಿನ ಉಂಡೆಗೆ ಸುತ್ತ ಆರು, ಮೇಲೆ ಮೂರು, ಕೆಳಗೆ ಮೂರು, ಒಟ್ಟು ಹನ್ನೆರಡು ತಾಗಬೇಕು. ಎಲ್ಲೋ ಒಂದು ಕಡೆ ಸಂದು ಉಳಿಯುತ್ತಿತ್ತು. ಎರಡನೇ ಸಾಲು ಇಡುವಷ್ಟರಲ್ಲಿ ರಾಶಿ ಅಲ್ಲಾಡಿ ಉರುಳಿತು. ಬಂದವರು ನಕ್ಕರು.

ಸಂಜೆ ಫೋನು ಮಾಡಿ ಅಪ್ಪನ ಮೇಲೆ ಹರಿಹಾಯ್ದೆ. "ನಿನ್ನ ಕೈ ನಡುಗುತ್ತೆ ಅಪ್ಪಾ. ಇನ್ನು ಸಾಕು ಮಾಡು" ಎಂದೆ. ಅವನು "ಆಯ್ತವ್ವ" ಅಂದ, ಅಷ್ಟೇ.

ಎರಡು ವಾರ ಕಳೆದ ಮೇಲೆ ಲ್ಯಾಬಿನಲ್ಲಿ ಯಾಕೋ ಆ ಉಂಡೆಗಳನ್ನು ಅಳೆದೆ. ಲೇತಿನಿಂದ ಕತ್ತರಿಸಿದ ಗುರುತು ಪ್ರತಿಯೊಂದರ ಎರಡು ತುದಿಗೂ ಇತ್ತು. ಆ ತುದಿಯಿಂದ ಈ ತುದಿಗೆ ಅಳತೆ ಹೆಚ್ಚು, ಅಡ್ಡಕ್ಕೆ ಕಡಿಮೆ. ಐವತ್ತರಲ್ಲೂ ಹಾಗೇ. ನಡುಗುವ ಕೈ ಒಂದೊಂದನ್ನು ಒಂದೊಂದು ಥರ ಕೆಡಿಸುತ್ತದೆ. ಎಲ್ಲವೂ ಒಂದೇ ಕಡೆಗೆ ಕುಗ್ಗಬೇಕೆಂದರೆ ಅದು ಒಣಗುತ್ತಾ ಎಳೆಗೆ ಅಡ್ಡವಾಗಿ ಕುಗ್ಗುವ ಹಸಿ ಮರವೇ. ಬೊಂಬೆ ಕಡೆಯುವ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಲೇತಿಗೆ ಏರಿಸಬಾರದು ಎಂಬುದು ನಮ್ಮ ಮನೆಯ ಮಗುವಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ನಾನು ಅವಸರ ಮಾಡಿದ್ದೆ.

ಮಾರನೇ ದಿನ ಒಂದು ಉಂಡೆ ಹಿಡಿದು ಊರಿಗೆ ಓಡಿದೆ. ಲೇತಿನ ಮೇಲೆ ಅಮ್ಮ ಬಟ್ಟೆ ಮಡಿಸಿಟ್ಟಿದ್ದಳು. ಉಳಿಗಳನ್ನೆಲ್ಲ ಅಪ್ಪ ಪಕ್ಕದ ಬೀದಿಯ ಕೆಲಸಗಾರನಿಗೆ ಕೊಟ್ಟುಬಿಟ್ಟಿದ್ದ. ಉಂಡೆಯನ್ನು ಅವನ ಅಂಗೈಗೆ ಇಟ್ಟೆ. ಹೆಬ್ಬೆರಳಲ್ಲಿ ಒಂದು ಸುತ್ತು ಸವರಿದ.

"ಅಡ್ಡಕ್ಕೆ ಕುಗ್ಗೈತೆ."

"ಹಸಿ ಮರ ಮಾತ್ರ ಇದೆ ಅಂತ ಆವತ್ತೇ ಯಾಕೆ ಹೇಳಲಿಲ್ಲ?"

"ಮೊದಲ್ನೇ ಸಲ ನನ್ ಕೆಲ್ಸ ಬೇಕು ಅಂತ ಕೇಳ್ದೆ. ಇಲ್ಲ ಅನ್ನಕ್ಕೆ ಬಾಯಿ ಬರ್ನಿಲ್ಲ."

"ಫೋನಿನಲ್ಲಾದರೂ ಹೇಳಬಹುದಿತ್ತಲ್ಲ ಅಪ್ಪಾ."

"ನನ್ ಕೈ ನೋಡ್ಕಂಡೇ ಬೆಳ್ದೋಳು, ನೀನೇ ನಡುಗ್ತದೆ ಅಂದೆ. ನಂಗೇ ಅನ್ಮಾನ ಬಂದ್ಬುಡ್ತು ಕಣವ್ವ."

ಉಳಿಗಳನ್ನು ವಾಪಸ್ ತರುತ್ತೇನೆ ಎಂದೆ. ಬೇಡ ಎಂದ. ಮತ್ತೆ ಅವನು ಲೇತು ಮುಟ್ಟಲಿಲ್ಲ.

ಇವತ್ತಿಗೂ ಕ್ಲಾಸಿಗೆ ಆ ಉಂಡೆಗಳನ್ನೇ ಒಯ್ಯುತ್ತೇನೆ. ರಾಶಿ ಅಲ್ಲಾಡಿದಾಗ ಹುಡುಗರು, ಇದನ್ನ ಮಾಡಿದವರಿಗೆ ಅಳತೆ ಬರಲ್ವಾ ಮೇಡಂ ಎಂದು ಕೇಳುತ್ತಾರೆ. ಮಾಡಿದವರ ತಪ್ಪಲ್ಲ, ಮಾಡಿಸಿದವಳದು ಎನ್ನುತ್ತೇನೆ.