ಮುನಿತಾಯಮ್ಮ ಹೊರಗೆ ಕೂತ ದಿನ

ಹೊಸಹಳ್ಳಿ ಆಗಿನ್ನೂ ನಿಜವಾದ ಹಳ್ಳಿ. ಅತ್ತ ರಾಜಾಜಿನಗರದಲ್ಲಿ ಸೈಟುಗಳಿಗೆ ಕಲ್ಲು ನೆಡುತ್ತಿದ್ದರೂ, ಇತ್ತ ಯಾವ ಮನೆಯ ಹೆಂಗಸು ಯಾವಾಗ ಮುಟ್ಟಾದಳು ಅನ್ನುವುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಮುಟ್ಟಾದವಳು ಮೂರು ದಿನ ಹೊರಜಗಲಿಯ ಮೇಲೆ ಕೂರಬೇಕು, ಮನೆಯ ಒಂದು ಚೊಂಬನ್ನೂ ಮುಟ್ಟಬಾರದು. ಉಳಿದ ಹೆಂಗಸರು ಈ ಕಟ್ಟಳೆಗೆ ಗೊಣಗುತ್ತಿದ್ದರೆ, ಸೊಪ್ಪು ಬೆಳೆಯುವ ಕೆಂಚಪ್ಪನ ಹೆಂಡತಿ ಮುನಿತಾಯಮ್ಮ ಆ ಜಗಲಿಯನ್ನು ಆಸೆಯಿಂದ ನೋಡುತ್ತಿದ್ದಳು. ಅವಳು ಅಲ್ಲಿ ಕೂರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ.

ಇದರಿಂದ ಆದ ಅವಾಂತರ ಅಷ್ಟಿಷ್ಟಲ್ಲ. ಸೊಸೆ ಒಂದೆರಡು ತಿಂಗಳು ಹೊರಗಾಗದಿದ್ದರೆ ಸಾಕು, ಅತ್ತೆ ಅಕ್ಕಯ್ಯಮ್ಮ ಬಸುರಿ ಎಂದು ತೀರ್ಮಾನಿಸಿಬಿಡುತ್ತಿದ್ದಳು. ತುಪ್ಪ ಸುರಿದ ಹೋಳಿಗೆ, ಕೊಬ್ಬರಿ ಬೆಲ್ಲ, ತಂಬಿಟ್ಟು ತಿನ್ನಿಸಿದ್ದೇ ತಿನ್ನಿಸಿದ್ದು. ಬುಟ್ಟಿ ಹೊರಬೇಡ, ನೀರು ಸೇದಬೇಡ, ಸುಮ್ಮನೆ ಕೂತಿರು. ಮೈ ಬಂತು, ಗಲ್ಲದ ಮೇಲೆ ಗಂಡಸರ ಹಾಗೆ ಕೂದಲು ಬಂತು, ಮಗು ಮಾತ್ರ ಬರಲಿಲ್ಲ. ಅಕ್ಕಯ್ಯಮ್ಮ ಕೆಟ್ಟವಳಲ್ಲ. ಪ್ರೀತಿಯಿಂದಲೇ ಸೊಸೆಯ ಕಾಯಿಲೆಯನ್ನು ಸಾಕಿ ಬೆಳೆಸಿದಳು.

ಕೊನೆಗೆ ಅವಳಿಗೂ ಬೇಸರ ಹತ್ತಿತು. ಕೆಂಗೇರಿಯಲ್ಲಿದ್ದ ತಮ್ಮನ ಮಗಳನ್ನು ಕೆಂಚಪ್ಪನಿಗೆ ಎರಡನೆಯವಳಾಗಿ ತರುವ ಮಾತಾಡಿದಳು. ಅವರ ಮನೆತನದಲ್ಲಿ ಹಾಗೆ ತರಬೇಕಾದರೆ ಮೊದಲ ಹೆಂಡತಿಯೇ ತನ್ನ ಕೈಯಾರೆ ಹೆಣ್ಣಿನ ಕಡೆಯವರಿಗೆ ತಾಂಬೂಲ ಕೊಡಬೇಕು. ಸಂಕ್ರಾಂತಿ ಕಳೆದ ಮೇಲೆ ತಾಂಬೂಲ ಎಂದು ನಿಶ್ಚಯವಾಯಿತು. ಕೆಂಚಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಎತ್ತಿನ ಮೈ ತಿಕ್ಕುತ್ತ ನಿಂತ. ಅಂಥ ಗಂಡಸಿಗೆ ಏನೆನ್ನಬೇಕೋ.

ಮುನಿತಾಯಮ್ಮ ಹಿತ್ತಲಲ್ಲಿ ಕೂತು ಗಲ್ಲದ ಕೂದಲು ಕೀಳುತ್ತ ಅಳುತ್ತಿದ್ದಾಗ ಪಕ್ಕದ ಮನೆಯ ಅಂಜಮ್ಮ ಗೋಡೆಯಾಚೆಯಿಂದ ನೋಡಿದಳು.

"ಅಳಬ್ಯಾಡ ಕಣೇ. ನಂಗೂ ಇದೇ ಪಾಡಾಗಿತ್ತು. ನೋಡು, ನನ್ನ ಗಲ್ಲ ಮುಟ್ಟಿ ನೋಡು."

ಮುನಿತಾಯಮ್ಮ ಮುಟ್ಟಿದಳು. ಚುಚ್ಚಿತು. ಲೋಕದಲ್ಲಿ ತಾನೊಬ್ಬಳೇ ಅಲ್ಲ ಎಂದು ತಿಳಿದಾಗ ಅವಳಿಗೆ ಆದ ಸಂತೋಷ ಎಷ್ಟೆಂದರೆ, ಅತ್ತದ್ದೇ ಮರೆತುಹೋಯಿತು.

ಸೊಪ್ಪು ಮಾರುವ ನೆಪದಲ್ಲಿ ಅಂಜಮ್ಮ ಅವಳನ್ನು ಪೇಟೆಯಲ್ಲಿ ತನಗೆ ಮಾತ್ರೆ ಕೊಡುತ್ತಿದ್ದ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ಪರೀಕ್ಷಿಸಿದರು.

"ನಿನ್ನ ಅಂಡಾಶಯ ಊದಿಕೊಂಡಿದೆಯಮ್ಮ, ಅದರಲ್ಲಿ ನೀರುಗುಳ್ಳೆಗಳಿರೋ ಹಾಗಿದೆ. ಇದು ಯಾರ ಶಾಪಾನೂ ಅಲ್ಲ. ಮಾತ್ರೆ ಕೊಡ್ತೀನಿ, ಬಿಡದೆ ನುಂಗು. ಬೆಲ್ಲ, ತುಪ್ಪ, ಬಿಳಿ ಅನ್ನ ಕಮ್ಮಿ ಮಾಡು. ರಾಗಿ, ಹುರುಳಿ, ಸೊಪ್ಪು ತಿನ್ನು. ದಿನಾ ನಡಿ."

ತಾನು ಬೆಳೆದ ಸೊಪ್ಪನ್ನೆಲ್ಲ ಊರಿಗೆ ಮಾರಿ, ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದವಳಿಗೆ ನಗು ಬಂತು.

ಅಂದಿನಿಂದ ಇಬ್ಬರೂ ಗಾಡಿ ಹತ್ತುವುದನ್ನು ಬಿಟ್ಟು, ಬುಟ್ಟಿ ಹೊತ್ತು ನಡೆದೇ ಪೇಟೆಗೆ ಹೋಗತೊಡಗಿದರು. ಹಾದಿಯಲ್ಲೇ ಒಬ್ಬರಿಗೊಬ್ಬರು ಮಾತ್ರೆ ನೆನಪಿಸುತ್ತಿದ್ದರು. ಕಷ್ಟವಾದದ್ದು ದೀಪಾವಳಿ. ಮನೆಯೆಲ್ಲ ಕಜ್ಜಾಯದ ಘಮ. ಮುನಿತಾಯಮ್ಮ ಸೋತೇ ಹೋಗುತ್ತಿದ್ದಳೋ ಏನೋ, ಅಷ್ಟರಲ್ಲಿ ಅಂಜಮ್ಮ ಮುದ್ದೆ, ಬಸ್ಸಾರು ಹಿಡಿದು ಬಂದು ಪಕ್ಕದಲ್ಲೇ ಕೂತಳು. ಇಬ್ಬರೂ ಕಜ್ಜಾಯವನ್ನು ಬಾಯ್ತುಂಬ ಬೈಯುತ್ತ ಮುದ್ದೆ ನುಂಗಿದರು.

ಕಾರ್ತಿಕದಲ್ಲಿ ಮುನಿತಾಯಮ್ಮ ಹೊರಗಾದಳು. ಅಕ್ಕಯ್ಯಮ್ಮ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಮಾರ್ಗಶಿರದಲ್ಲೂ ಆದಳು. ಅತ್ತೆ ಹುಬ್ಬೇರಿಸಿದಳು, ಆದರೆ ಕೊಟ್ಟ ಮಾತು ಹಿಂತೆಗೆಯಲಿಲ್ಲ.

ಸಂಕ್ರಾಂತಿ ಕಳೆದು ಕೆಂಗೇರಿಯವರ ಗಾಡಿ ಬಾಗಿಲಿಗೆ ಬಂದ ಬೆಳಿಗ್ಗೆ ಮುನಿತಾಯಮ್ಮ ಜಗಲಿಯ ಮೇಲೆ ಕೂತಿದ್ದಳು. ಎಲ್ಲರಿಗೂ ಕಾಣುವ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು.

"ನಾನು ಹೊರಗಾಗಿದೀನಿ. ತಾಂಬೂಲ ಮುಟ್ಟೋ ಹಾಗಿಲ್ಲ," ಅಂದಳು.

ಅಕ್ಕಯ್ಯಮ್ಮನ ತಮ್ಮ ತಲೆ ಕೆರೆದುಕೊಂಡ. "ಅದಕ್ಕೇನು, ಮೂರು ದಿನ ಕಳ್ದು ನೀನು ನೀರು ಹಾಕ್ಕೊಂಡ ಮೇಲೆ ಬತ್ತೀವಿ."

"ಆಗ ಬಂದ್ರೂ ಕೊಡಲ್ಲ ಮಾವ. ಇಷ್ಟು ದಿನ ನನ್ನ ಮೈಯೇ ನನ್ನ ಕಡೆ ಇರಲಿಲ್ಲ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಈಗ ತಿಂಗಳು ತಿಂಗಳೂ ಹೊರಗೆ ಕೂರ್ತಾ ಇದೀನಿ. ಇಲ್ಲೇ ಕೂತ್ಕೊಂಡೇ ಹೇಳ್ತೀನಿ, ಈ ಮನೆಗೆ ಇನ್ನೊಬ್ಬಳು ಬರಲ್ಲ."

ಬೀದಿಯಲ್ಲಿ ಜನ ನಿಂತರು. ಗೋಡೆಯಾಚೆ ಅಂಜಮ್ಮ ತುದಿಗಾಲಲ್ಲಿ ನಿಂತು ಇಣುಕಿದಳು. ಅಕ್ಕಯ್ಯಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಳಿದ ಮೈ, ಕಳೆ ಬಂದ ಮುಖ, ಹೆದರದ ಕಣ್ಣು. ಆಮೇಲೆ ತಮ್ಮನ ಕಡೆ ತಿರುಗಿ ಹೇಳಿದಳು:

"ಊಟ ಮಾಡ್ಕೊಂಡು ಹೊರಡಪ್ಪ. ಹುಡುಗೀಗೆ ಬೇರೆ ಕಡೆ ಗಂಡು ನೋಡು. ನನ್ನ ಸೊಸೆ ಚೆನ್ನಾಗವ್ಳೆ."