ಎರಡೂವರೆ ಸುತ್ತಿನ ವಾಲ್ವು

ಬೆತಿನಾ ಎಂಬ ಕಡಲೂರಿನ ಯೆರ್ಕೊ ಕೂತಲ್ಲಿ ಕೂರುವ ಜೀವವಲ್ಲ. ಇಪ್ಪತ್ತಾರು ವರ್ಷ ದ್ವೀಪದ ಮನೆಗಳಿಗೆ ನಲ್ಲಿ, ಪೈಪು ಜೋಡಿಸಿದವನು, ಐವತ್ತು ದಾಟಿದ ಮೇಲೆ ದೋಣಿ ರಿಪೇರಿ ಕೆಲಸಕ್ಕೆ ಬಂದ. ಅಲ್ಲಿ ಅವನನ್ನು ಯಾರೂ ಮೂರು ಕಾಸಿಗೂ ಲೆಕ್ಕಕ್ಕಿಡಲಿಲ್ಲ. ಎಲ್ಲರಿಗಿಂತ ಹೆಚ್ಚು ಕಾಡಿದವನು ಅಕ್ಕ ತೋಂಕಾಳ ಗಂಡ ಬ್ಲಾಜ್.

"ಬಚ್ಚಲುಮನೆ ಬಿಟ್ಟು ಸಮುದ್ರಕ್ಕೆ ಬಂದ್ಯೇನೋ? ಇಲ್ಲಿ ನೀರು ಒಳಗೆ ಬರಬಾರ್ದು ಕಣೋ, ಅಷ್ಟು ನೆನಪಿಟ್ಕೋ!"

ಆ ಬ್ಲಾಜನೇ ಈ ವಸಂತದಲ್ಲಿ ತನ್ನ ಮರದ ದೋಣಿಯನ್ನು ಅವನ ಕೈಗೊಪ್ಪಿಸಿದ. ದೋಣಿಯ ತಳದಲ್ಲಿ ಮೂರು ತೂತು. ಎಂಜಿನ್ನಿಗೆ, ಬಲೆ ತೊಳೆಯುವುದಕ್ಕೆ ನೀರು ಬರುವುದು, ಕೊಳೆನೀರು ಹೋಗುವುದು ಅವುಗಳಿಂದಲೇ. ಒಂದೊಂದು ತೂತಿಗೂ ಒಂದು ಕಂಚಿನ ತುಂಡು ಪೈಪು, ಅದರ ಮೇಲೊಂದು ವಾಲ್ವು. ಹಳೆಯ ಹಿತ್ತಾಳೆ ವಾಲ್ವುಗಳನ್ನು ಚಾಕುವಿನಿಂದ ಕೆರೆದರೆ ಗುಲಾಬಿ ಬಣ್ಣದ ಪುಡಿ ಉದುರುತ್ತಿತ್ತು, ಉಪ್ಪುನೀರು ತಿಂದುಹಾಕಿತ್ತು. ಗಂಡ ಹೆಂಡತಿ ದಿನಾ ಬೆಳಿಗ್ಗೆ ಅದೇ ದೋಣಿಯಲ್ಲಿ ಬಲೆ ಎತ್ತಲು ಹೋಗುತ್ತಿದ್ದರು. ತೋಂಕಾಳಿಗೆ ಈಜು ಬಾರದು.

ಯೆರ್ಕೊ ಮತ್ತೆ ಹಿತ್ತಾಳೆಯದನ್ನು ಹಾಕಲು ಹೋಗಲಿಲ್ಲ. ಕಂಚಿನದೇ ಬೇಕೆಂದು ಶಿಬೆನಿಕ್ ಪೇಟೆಯೆಲ್ಲ ಅಲೆದು ಎರಡು ತಂದ. ಮೂರನೆಯ ಅಳತೆ ಸಿಗಲಿಲ್ಲ. ಯಾರೋ ಪರದೇಶದವನ ದೋಣಿಯಿಂದ ಬಿಚ್ಚಿಟ್ಟ ಕಂಚಿನ ವಾಲ್ವೊಂದು ಹಳೆಯ ಸಾಮಾನಿನ ಡಬ್ಬದಲ್ಲಿತ್ತು, ಹೊಸದರಂತೆಯೇ ಇತ್ತು. ಪೈಪಿಗೆ ನಾರು ಸುತ್ತಿ, ಪೇಸ್ಟು ಸವರಿ ಕೂರಿಸಿದ. ಮೊದಲೆರಡು ಏಳೇಳು ಸುತ್ತು ಹೋದವು. ಮೂರನೆಯದು ಎರಡೂವರೆ ಸುತ್ತಿಗೇ ಕಚ್ಚಿಕೊಂಡಿತು. ಯೆರ್ಕೊನಿಗೆ ಖುಷಿಯೋ ಖುಷಿ. ಮನೆ ಪೈಪುಗಳಲ್ಲಿ ಬೇಗ ಬಿಗಿಯಾದದ್ದೇ ಒಳ್ಳೆಯ ಜೋಡಣೆ. ಪಳಗಿದ ಕೈ ಮೋಸ ಮಾಡುವುದೇ ಹೀಗೆ.

ದೋಣಿಯನ್ನು ನೀರಿಗಿಳಿಸುವ ದಿನ ಬಂದರಿನ ಕಟ್ಟೆಯ ತುಂಬ ಜನ. ತೋಂಕಾ ದೋಣಿಯ ಮೂತಿಗೆ ಆಲಿವ್ ರೆಂಬೆ ಸಿಕ್ಕಿಸಿದ್ದಳು. ಬ್ಲಾಜ್ ಎಲ್ಲರಿಗೂ ರಾಕಿಯಾ ಸಾರಾಯಿ ಸುರಿಯುತ್ತಾ, "ನನ್ ಭಾವಮೈದ ಮಾಡಿರೋ ಕೆಲ್ಸ! ಬಾತ್‌ರೂಮಿಗಿಂತ ಚೆನ್ನಾಗಿದೆ!" ಎಂದು ಮೊದಲ ಸಲ ಹೊಗಳಿದ. ಯೆರ್ಕೊನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅತ್ತ ಹೋದ, ಇತ್ತ ಬಂದ. ಅವನ ಅಂಗೈ ಗಾಳಿಯಲ್ಲೇ ತಿರುಗುತ್ತಿತ್ತು. ಏಳು, ಏಳು, ಎರಡೂವರೆ.

ಎರಡೂವರೆ ಯಾಕೆ?

ಪೈಪಿನ ಥ್ರೆಡ್ಡು, ಆ ಸುರುಳಿ ಎಳೆ, ಉದ್ದಕ್ಕೂ ಒಂದೇ ಅಳತೆ. ಆ ಪರದೇಶಿ ವಾಲ್ವಿನದು ಒಳಹೋದಂತೆ ಕಿರಿದಾಗುವಂಥದ್ದು. ಎರಡೇ ಎಳೆ ಕಚ್ಚಿದೆ, ಮಿಕ್ಕದ್ದೆಲ್ಲ ಬರೀ ನಾರಿನ ಹಿಡಿತ. ಈಗ ಬಾಯಿಬಿಟ್ಟರೆ ಊರಿನ ಮುಂದೆ ಮಾನ ಹೋಗುತ್ತದೆ. ನಾಳೆ ಸದ್ದಿಲ್ಲದೆ ಬದಲಾಯಿಸಿದರಾಯಿತಲ್ಲ? ಆದರೆ ನಾಳೆ ಬೆಳಕು ಹರಿಯುವಷ್ಟರಲ್ಲಿ ಅಕ್ಕ ಸಮುದ್ರದ ಮೇಲಿರುತ್ತಾಳೆ.

ಕ್ರೇನಿನಿಂದ ಇಳಿಯುತ್ತಿದ್ದ ದೋಣಿಯ ತಳಕ್ಕೂ ನೀರಿಗೂ ಒಂದು ಮೊಳ ಉಳಿದಿತ್ತು.

"ನಿಲ್ಸೋ!" ಎಂದು ಯೆರ್ಕೊ ಕ್ರೇನಿನವನಿಗೆ ಕಿರುಚಿದ. "ಎತ್ತು ಮೇಲಕ್ಕೆ! ನಾನು ತಪ್ಪು ಮಾಡಿದೀನಿ!"

ಜನ ಗೊಳ್ಳೆಂದು ನಕ್ಕರು. ದೋಣಿಯನ್ನು ಕಟ್ಟೆಯ ಮೇಲಿನ ದಿಮ್ಮಿಗಳ ಮೇಲೆ ಕೂರಿಸಿದ್ದೇ ತಡ ಯೆರ್ಕೊ ಒಳಗೆ ಹತ್ತಿದ. ಹಿಂದೆಯೇ ಬ್ಲಾಜ್, ಕೆಂಡವಾಗಿ.

"ಮರ್ಯಾದೆ ಕಳೆದ್ಯಲ್ಲೋ! ಸುಮ್ನಿದ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತು?"

ಯೆರ್ಕೊ ಮೂರನೆಯ ವಾಲ್ವಿಗೆ ಹಿಮ್ಮಡಿಯಿಂದ ಒಮ್ಮೆ ಒದ್ದ. ಅದು ನಾರಿನ ಸಮೇತ ಕಿತ್ತುಬಂದು ಉರುಳಿತು.

ಬ್ಲಾಜ್ ಬಗ್ಗಿ ನೋಡಿದ. ಬರಿದಾದ ಪೈಪಿನಲ್ಲಿ ಬೆಳಕಿತ್ತು. ಆ ಬೆಳಕಿನಲ್ಲಿ, ಕೆಳಗೆ ಕಟ್ಟೆಯ ಕಲ್ಲಿನ ಮೇಲೆ, ತೋಂಕಾಳ ಕರಿ ಬೂಟಿನ ತುದಿ ಕಾಣುತ್ತಿತ್ತು.

"ತೋಂಕಾ," ಎಂದು ಬ್ಲಾಜ್ ಆ ತೂತಿನಲ್ಲೇ ಕರೆದ. "ಮನೆಗ್ ಹೋಗೇ. ಇವತ್ತು ದೋಣಿ ಇಳಿಯಲ್ಲ."